ಮೂರು ಮುದ್ರೆಯ ರಾಜ್ಯ

ಗೌರಿಬಿದನೂರು
೮-೬-೧೯೫೮

ಪ್ರೀತಿಯ ಶ್ಯಾಮಲ,

ಇದರ ಜೊತೆ ಇಪ್ಪತ್ತೆರಡು ಹಾಳೆ ಕಳಿಸಿದ್ದೇನೆ. ಹೌದಮ್ಮ, ಕೊನೆಗೂ ಬರೆಯುತ್ತಿದ್ದೇನೆ. ಬೇಸಿಗೆ ರಜೆಯಲ್ಲಿ ನಮ್ಮ ಶಾಲೆಯ ಉಳಿದ ಮೇಷ್ಟ್ರುಗಳೆಲ್ಲ ಮದುವೆ ಊಟಕ್ಕೆ ಅಲೆದರು, ನಾನು ರಾಜ್ಯ ಕಟ್ಟುತ್ತ ಕೂತೆ. ಪುಸ್ತಕದ ಹೆಸರು ‘ಬಹುರಾಜ ಪ್ರಭುತ್ವ’. ಒಬ್ಬನೇ ರಾಜನಾದರೆ ದಬ್ಬಾಳಿಕೆ, ರಾಜನೇ ಇಲ್ಲದಿದ್ದರೆ ಗದ್ದಲ. ಹಲವು ರಾಜರು ಒಟ್ಟಿಗೆ ಆಳಿದರೆ ಹೇಗಿರುತ್ತದೆ? ಇದೇ ನನ್ನ ಪ್ರಶ್ನೆ.

ಮೊದಲ ಅಧ್ಯಾಯದಲ್ಲಿ ಒಂದೇ ಸಿಂಹಾಸನದ ಮೇಲೆ ಬೆನ್ನಿಗೆ ಬೆನ್ನು ಕೊಟ್ಟು ಕೂತ ಇಬ್ಬರು ರಾಜರು. ಒಬ್ಬನಿಗೆ ಮೂಡಲ ನಾಡು, ಇನ್ನೊಬ್ಬನಿಗೆ ಪಡುವಲ ನಾಡು. ಒಬ್ಬರ ಮುಖ ಒಬ್ಬರು ನೋಡುವಂತಿಲ್ಲ. ಎರಡನೆಯದರಲ್ಲಿ ನೆಲಕ್ಕೊಬ್ಬ ರಾಜ, ನೀರಿಗೊಬ್ಬ, ಧಾನ್ಯಕ್ಕೊಬ್ಬ. ಮೂರನೆಯದು ನಮ್ಮದೇ. ಅಜ್ಜಿಯ ಊರಿಗೆ ಹೋದಾಗ ಅಂಬಾಜಿದುರ್ಗದ ಕೋಟೆಗೋಡೆಯ ಮೇಲೆ ದೊಡ್ಡಣ್ಣ, ನಾನು, ಬಯ್ಯಪ್ಪ ಮುತ್ತುಗದೆಲೆಯ ಕಿರೀಟ ಕಟ್ಟಿಕೊಂಡು ಆಳುತ್ತಿದ್ದೆವಲ್ಲ, ಆ ರಾಜ್ಯ. ವರ್ಷಕ್ಕೆ ನಾಲ್ಕು ನಾಲ್ಕು ತಿಂಗಳು ಒಬ್ಬೊಬ್ಬರ ಆಳ್ವಿಕೆ. ಒಬ್ಬನ ಆಳ್ವಿಕೆಯಲ್ಲಿ ಇನ್ನೊಬ್ಬ ಕೈ ಹಾಕುವಂತಿಲ್ಲ. ದೊಡ್ಡ ಆಜ್ಞೆಗೆ ಮೂವರ ಮುದ್ರೆಯೂ ಬೀಳಬೇಕು. ನೀನು ನಮ್ಮ ಕರಣಿಕಳು, ಸೀಮೆಸುಣ್ಣದಲ್ಲಿ ಬಂಡೆಯ ಮೇಲೆ ಕಾನೂನು ಬರೆಯುತ್ತಿದ್ದೆ.

ಅಪ್ಪ ಹೋದ ಮೇಲೆ ಅಮ್ಮನನ್ನು ನೋಡಿಕೊಳ್ಳುವ ಕರಾರಿಗೂ ಅದೇ ಸೂತ್ರ ಹಿಡಿದೆವು. ಎರಡು ವರ್ಷವಾಯಿತು, ಅಣ್ಣತಮ್ಮಂದಿರಲ್ಲಿ ಒಂದು ಜೋರು ಮಾತಿಲ್ಲ. ನನ್ನ ಪುಸ್ತಕಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ?

ನಿನ್ನ ಮುತ್ತಿನಂಥ ಅಕ್ಷರದಲ್ಲಿ ನಕಲು ಮಾಡಿಕೊಡು. ಅಮ್ಮನಿಗೆ ಕಣ್ಣು ಮಂಜಾಗಿದೆಯೆಂದು ದೊಡ್ಡಣ್ಣ ಬರೆದಿದ್ದ. ವಯಸ್ಸಾಯಿತಲ್ಲ.

ನಿನ್ನ ಅಣ್ಣ
ವೆಂಕಟರಾಮಪ್ಪ


ಚಿಕ್ಕಬಳ್ಳಾಪುರ
೧೭-೬-೧೯೫೮

ವೆಂಕಟರಾಮಣ್ಣ,

ನಿನ್ನ ಹಾಳೆಗಳು ಬಂದವು. ಕಟ್ಟು ಬಿಚ್ಚಿಲ್ಲ. ಮೊದಲು ಇದನ್ನು ಓದು.

ಭಾನುವಾರ ಕೆಂಚಾರ್ಲಹಳ್ಳಿಗೆ ಹೋಗಿದ್ದೆ. ಅಮ್ಮ ನನ್ನನ್ನು ದೊಡ್ಡತ್ತಿಗೆ ಅಂದುಕೊಂಡು ಮಾತಾಡಿಸಿದಳು. ಮರುದಿನ ದೊಡ್ಡಣ್ಣನನ್ನು ಎಳೆದುಕೊಂಡೇ ಚಿಂತಾಮಣಿಯ ಡಾಕ್ಟರ ಹತ್ತಿರ ಹೋದೆ. ಮಂಜೂ ಅಲ್ಲ, ವಯಸ್ಸೂ ಅಲ್ಲ. ಕಣ್ಣಿನೊಳಗೆ ನೀರಿನ ಒತ್ತಡ ಏರಿದೆಯಂತೆ. ಎಡಗಣ್ಣು ಆಗಲೇ ಹೋಗಿದೆ. ಮೂರು ತಿಂಗಳೊಳಗೆ ಬೆಂಗಳೂರಿನಲ್ಲಿ ಆಪರೇಷನ್ ಆದರೆ ಬಲಗಣ್ಣು ಉಳಿಯುತ್ತದೆ. ತಡವಾದರೆ ಹೋದ ದೃಷ್ಟಿ ಯಾವ ಡಾಕ್ಟರಿಗೂ ವಾಪಸು ತರಲಾಗುವುದಿಲ್ಲ ಎಂದರು. ಚೀಟಿಯನ್ನೂ ಬರೆದುಕೊಟ್ಟಿದ್ದಾರೆ. ಆಸ್ಪತ್ರೆಯ ಒಪ್ಪಿಗೆ ಕಾಗದಕ್ಕೆ ಅಮ್ಮ ಹೆಬ್ಬೆಟ್ಟು ಒತ್ತಬೇಕು, ಅಷ್ಟೇ.

ಆ ಹೆಬ್ಬೆಟ್ಟೇ ಈಗ ತೊಡಕು. ದೊಡ್ಡಣ್ಣ ಪೆಟ್ಟಿಗೆಯಿಂದ ಕರಾರು ತೆಗೆದು ನನ್ನ ಮುಂದೆ ಹಿಡಿದ. “ನೋಡಮ್ಮ, ನಿನ್ನದೇ ಬರವಣಿಗೆ. ಮೂರು ಜನ ಗಂಡುಮಕ್ಕಳ ಸಹಿ ಇಲ್ದೆ ಅಮ್ಮನ ಹೆಬ್ಬೆಟ್ಟು ಯಾವ ಕಾಗದದ ಮೇಲೂ ಬೀಳಕೂಡ್ದು ಅಂತೈತೆ. ಯಾವ ಕಾಗದ ಅಂದ್ರೆ ಯಾವ ಕಾಗದಾನೂ ಸೈ.”

ಯಾಕೆ ಬರೆದೆನೆಂದು ನಿನಗೆ ಗೊತ್ತು. ಅಪ್ಪನ ತಿಥಿ ಕಳೆಯುವ ಮೊದಲೇ ಕೋನಪ್ಪ ಮಾವ ಬಾವಿ ಹೊಲಕ್ಕೆ ಅಮ್ಮನ ಹೆಬ್ಬೆಟ್ಟು ಒತ್ತಿಸಿಕೊಳ್ಳಲು ಶಾಯಿ ಸಮೇತ ಬಂದಿದ್ದ. ಆ ಸಿಟ್ಟಿನಲ್ಲಿ ನಮ್ಮ ಬಂಡೆಯ ಕಾನೂನು ನೆನಪಾಗಿ ಬರೆದುಬಿಟ್ಟೆ. ಅವಳನ್ನು ಕಾಯಲೆಂದು ಬರೆದದ್ದು.

ಕಳೆದ ವರ್ಷದ ಚುನಾವಣೆಯಲ್ಲಿ ಅಮ್ಮ ಸಾಲಿನಲ್ಲಿ ನಿಂತು ಓಟು ಹಾಕಿದಳು. ಅದಕ್ಕೆ ಯಾವ ಮಗನ ಸಹಿಯನ್ನೂ ಯಾರೂ ಕೇಳಲಿಲ್ಲ. ಒಪ್ಪಿಗೆ ಪತ್ರ ಇದರೊಳಗಿದೆ. ಸಹಿ ಹಾಕಿ ಮರುಟಪಾಲಿಗೇ ಕಳಿಸು. ಬಯ್ಯಪ್ಪನ ಹತ್ತಿರ ಶಿಡ್ಲಘಟ್ಟಕ್ಕೆ ನಾನೇ ಹೋಗುತ್ತೇನೆ.

ಶ್ಯಾಮಲ


ಗೌರಿಬಿದನೂರು
೧-೭-೧೯೫೮

ಪ್ರೀತಿಯ ಶ್ಯಾಮಲ,

ಓದಿ ಎದೆ ಒಡೆಯಿತು. ಎರಡು ದಿನ ಪಾಠ ಮಾಡಲಾಗಲಿಲ್ಲ. ಆಪರೇಷನ್ ಆಗಲೇಬೇಕು, ನನ್ನದು ಪೂರ್ಣ ಒಪ್ಪಿಗೆ.

ಆದರೆ ನೀನು ಕಳಿಸಿದ ಪತ್ರವನ್ನು ಸಹಿ ಹಾಕದೆಯೇ ಹಿಂದಿರುಗಿಸುತ್ತಿದ್ದೇನೆ. ಸಿಡುಕಬೇಡ, ಕಾರಣ ಕೇಳು. ಈಗ ನಡೆಯುತ್ತಿರುವುದು ದೊಡ್ಡಣ್ಣನ ಸರದಿ. ಆಳುವವನ ಮುದ್ರೆ ಮೊದಲು, ಉಳಿದವರದು ಆಮೇಲೆ. ಇದು ನಾವು ನಡೆಸಿಕೊಂಡು ಬಂದ ರೀತಿ. ಅವನ ಸರದಿಯಲ್ಲಿ ನಾನು ಮುಂದಾಗಿ ಸಹಿ ಹಾಕಿದರೆ ತಮ್ಮ ತಲೆ ಮೇಲೆ ಕೂತ ಅನ್ನುತ್ತಾನೆ. ನಾಳೆ ಎಲ್ಲದಕ್ಕೂ ಇದೇ ಮಾದರಿಯಾಗುತ್ತದೆ. ಅವನಿಂದ ಹಾಕಿಸಿ ಕಳಿಸು, ಬಂದ ದಿನವೇ ಹಾಕುತ್ತೇನೆ.

ನಾಲ್ಕನೆಯ ಅಧ್ಯಾಯ ಮುಗಿಯಿತು. ಇದರಲ್ಲಿ ಏಳು ರಾಜರು, ಎಂಟನೆಯ ಸಿಂಹಾಸನ ಖಾಲಿ. ಆರು ಜನ ಹೌದು ಅಂದು ಒಬ್ಬ ಸುಮ್ಮನಿದ್ದರೆ, ಖಾಲಿ ಸಿಂಹಾಸನವೂ ಅವನ ಜೊತೆ ಸುಮ್ಮನಿದೆ ಎಂದು ಲೆಕ್ಕ. ಹಾಗಾಗಿ ಆ ನಾಡಿನಲ್ಲಿ ದುಡುಕಿನ ಯುದ್ಧವೇ ಆಗಿಲ್ಲ. ನಿನಗೆ ಹಿಡಿಸುತ್ತದೆ.

ವೆಂಕಟರಾಮಪ್ಪ


ಕೆಂಚಾರ್ಲಹಳ್ಳಿ
೧೯-೭-೧೯೫೮
(ಕಾರ್ಡು)

ಶ್ಯಾಮಲಮ್ಮನಿಗೆ ದೊಡ್ಡಣ್ಣ ರಾಮಾಂಜಿನಪ್ಪ ಬರಸಿದ್ದು. ನೀನು ಬಂದು ಬೈದು ಹೋದದ್ದು ಮನಸ್ಸಿನಾಗೆ ಐತೆ. ಸಹಿ ಹಾಕಲ್ಲ ಅಂತ ನಾನು ಅಂದಿಲ್ಲ ಕಣಮ್ಮ. ಹಿರೀಕ ನಾನು, ಚಿಕ್ಕೋರು ಇಬ್ರೂ ಹಾಕಿದ ಮೇಲೆ ನಂದು ಬಿದ್ರೆ ಅದಕ್ಕೊಂದು ಬೆಲೆ. ಆವಾಗ ರೇಷ್ಮೆಹುಳ ನಾಲ್ಕನೇ ಜ್ವರ ಕಳೆದು ಎದ್ದಿತ್ತು, ಹೊತ್ತೊತ್ತಿಗೂ ಸೊಪ್ಪು ಹಾಕೋದು ಬಿಟ್ಟು ಎಲ್ಲಿಗೆ ಬರ್ಲಿ. ಈಗ ಆಷಾಢ ಮುಗೀತು, ನನ್ನ ಸರದಿನೂ ಮುಗೀತು. ನಡೀತಿರೋದು ಅಧಿಕ ಶ್ರಾವಣ. ಕರಾರಿನಾಗೆ ಅಧಿಕ ಮಾಸದ ಮಾತೇ ಇಲ್ಲ. ಅಮ್ಮ ಇಲ್ಲೇ ಅವಳೆ, ಊಟಕ್ಕೆ ಏನೂ ಕಮ್ಮಿ ಇಲ್ಲ. ಆದ್ರೆ ಈ ತಿಂಗಳು ಸಹಿ ಹಾಕೋ ಹಕ್ಕು ನಂದಲ್ಲ. ಕೈವಾರಕ್ಕೆ ಕರ್ಕೊಂಡು ಹೋಗಿ ಕಣ್ಣಿಗೆ ತೀರ್ಥ ಹಾಕಿಸಿದೀನಿ.

ರಾಮಾಂಜಿನಪ್ಪ


ಚಿಕ್ಕಬಳ್ಳಾಪುರ
೨೫-೭-೧೯೫೮

ವೆಂಕಟರಾಮಣ್ಣ,

ದೊಡ್ಡಣ್ಣನ ಕಾರ್ಡು ಓದಿದೆಯಲ್ಲ? ನಿನ್ನೆ ಕೆಂಚಾರ್ಲಹಳ್ಳಿಗೆ ಹೋಗಿದ್ದೆ, ನಿನಗೂ ಬರೆದಿದ್ದೇನೆ ಅಂದ. ನಿನ್ನ ಉತ್ತರವೂ ಅವನ ಕೈಲಿತ್ತು: ನಿನ್ನ ಆಳ್ವಿಕೆ ಶುರುವಾಗುವುದು ನಿಜ ಶ್ರಾವಣದಿಂದಂತೆ, ಅಧಿಕದಿಂದಲ್ಲವಂತೆ. ಭೇಷ್! ಮೂವರು ಮಹಾರಾಜರಿದ್ದೂ ಒಂದು ತಿಂಗಳು ರಾಜನೇ ಇಲ್ಲದ ನಾಡು. ಇದನ್ನು ನಿನ್ನ ಯಾವ ಅಧ್ಯಾಯಕ್ಕೆ ಸೇರಿಸುತ್ತೀಯ?

ಅಮ್ಮನ ಕಣ್ಣಿಗೆ ಅಧಿಕ, ನಿಜ ಅಂತ ಭೇದವಿಲ್ಲ ಅಣ್ಣ. ಈ ತಿಂಗಳೂ ಅದು ಹೋಗುತ್ತಲೇ ಇದೆ. ಡಾಕ್ಟರು ಹೇಳಿದ ಮೂರು ತಿಂಗಳಲ್ಲಿ ಒಂದೂಕಾಲು ತಿಂಗಳು ಮುಗಿಯಿತು.

ಹೊಟ್ಟೆ ಉರಿಯುತ್ತಿದೆ. ನಿಮ್ಮ ಮೇಲೆ ಮಾತ್ರ ಅಲ್ಲ. ಅಧಿಕ ಮಾಸವನ್ನು ಮರೆತ ಕರಣಿಕಳೂ ನಾನೇ ತಾನೆ.

ಹದಿನಾರನೇ ತಾರೀಖು ನಿಜ ಶ್ರಾವಣ ಹುಟ್ಟುತ್ತದೆ. ಅಮ್ಮ ನಿನ್ನ ಮನೆಗೆ ಬರುತ್ತಾಳೆ. ಅವತ್ತು ಆಳುವವನೂ ನೀನೇ, ಮೊದಲು ಹಾಕಬೇಕಾದವನೂ ನೀನೇ. ಯಾವ ನೆಪವೂ ಉಳಿಯುವುದಿಲ್ಲ. ಹಾಕಿಬಿಡು, ನಿನ್ನ ಕಾಲಿಗೆ ಬೀಳುತ್ತೇನೆ.

ಶ್ಯಾಮಲ


ಶಿಡ್ಲಘಟ್ಟ
೧೦-೯-೧೯೫೮

ಶ್ಯಾಮಲಕ್ಕನಿಗೆ ಬಯ್ಯಪ್ಪನ ನಮಸ್ಕಾರ.

ನೀನು ಹೋದ ವಾರ ಬಂದು, ನೂಲು ಬಿಚ್ಚುವ ಹೆಣ್ಣಾಳುಗಳ ಮುಂದೆಯೇ ನನ್ನನ್ನು ಹೇಡಿ ಅಂದೆ. ಆಗಲಿ, ಅಕ್ಕ ತಾನೆ ಅಂದದ್ದು ಅಂತ ನುಂಗಿಕೊಂಡೆ. ನನ್ನ ಮಾತನ್ನೂ ಒಂದಿಷ್ಟು ಕೇಳು.

ಈಗ ಆಳುತ್ತಿರುವವನು ವೆಂಕಟರಾಮಣ್ಣ. ಅವನು ಸಹಿ ಹಾಕಿದ್ದಾನಾ? ಅದರ ಬದಲು ನನಗೂ ದೊಡ್ಡಣ್ಣನಿಗೂ ನಾಲ್ಕು ಪುಟದ ‘ತಿದ್ದುಪಡಿ’ ಅಂತ ಕಳಿಸಿದ್ದಾನೆ. ಆಸ್ಪತ್ರೆ ಕಾಗದಗಳನ್ನು ಕರಾರಿನಿಂದ ಹೊರಗಿಡುವುದು, ಅಧಿಕ ಮಾಸವನ್ನು ಹತ್ತು ಹತ್ತು ದಿನ ಹಂಚಿಕೊಳ್ಳುವುದು, ಇನ್ನೂ ಏನೇನೋ. ಅದಕ್ಕೆ ಮೊದಲು ಮೂವರೂ ಸಹಿ ಹಾಕಬೇಕಂತೆ, ಆಮೇಲೆ ಒಪ್ಪಿಗೆ ಪತ್ರಕ್ಕೆ ಬೇರೆ. ಹೆಣ್ಣು ಕೊಟ್ಟ ಮಾವನಿಗೆ ತೋರಿಸಿದೆ. “ಅಳಿಯಂದ್ರೇ, ಈ ಮೇಷ್ಟ್ರು ಬರಹ ನಂಬಬ್ಯಾಡಿ. ಮುದುಕಿ ಆಪರೇಷನ್ ಟೇಬಲ್ ಮೇಲೆ ಹೋಗ್ಬಿಟ್ರೆ ಯಾರ ಸಹಿಯಿಂದ ಹೋದ್ಲು ಅಂತಾರೆ? ಮುಂದೆ ಬಿದ್ದೋನ ತಲೆ ಮೇಲೆ ಬರ್ತೈತೆ” ಅಂದರು.

ನನಗೆ ಹೆದರಿಕೆಯೇ ಅಕ್ಕ, ಸುಳ್ಳು ಯಾಕೆ ಹೇಳಲಿ. ವೆಂಕಟರಾಮಣ್ಣ ಹಾಕಿದ ದಿನ ನಾನೂ ಹಾಕುತ್ತೇನೆ.

ಬಯ್ಯಪ್ಪ


ಗೌರಿಬಿದನೂರು
೨೪-೧೦-೧೯೫೮

ಶ್ಯಾಮಲ,

ದಸರಾ ರಜೆಗೆ ಬಂದೆ, ಸಂತೋಷ. ಆದರೆ ನಾನು ಊರಲ್ಲಿಲ್ಲದ ದಿನ ನೋಡಿಕೊಂಡು ಬಂದು ಅಮ್ಮನನ್ನು ಬೆಂಗಳೂರಿಗೆ ಎಬ್ಬಿಸಿಕೊಂಡು ಹೋಗಲು ನೋಡಿದೆಯಂತೆ. ಬೀದಿಯವರೆಲ್ಲ ಜಗುಲಿಯ ಮುಂದೆ ಸೇರಿದ್ದರಂತೆ. ಮೂವರು ಗಂಡುಮಕ್ಕಳಿರುವಾಗ ಹೆಣ್ಣುಮಗಳು ತಾಯಿಯನ್ನು ಹೊತ್ತೊಯ್ಯುವಷ್ಟು ನಾವು ಕೆಟ್ಟವರಾದೆವಾ? ನಾಳೆ ಶಾಲೆಯಲ್ಲಿ ನಾನು ಹೇಗೆ ತಲೆಯೆತ್ತಲಿ?

ಮೂವರಲ್ಲಿ ಒಬ್ಬನೂ ಬೇಡ ಅಂದಿಲ್ಲ. ಇದನ್ನು ಮರೆಯಬೇಡ. ತಿದ್ದುಪಡಿ ಆಗಿಬಿಟ್ಟರೆ ಎಲ್ಲವೂ ಸುಸೂತ್ರ. ತುಸು ತಾಳ್ಮೆ ಇರಲಿ.

ವೆಂಕಟರಾಮಪ್ಪ


ಚಿಕ್ಕಬಳ್ಳಾಪುರ
೨೯-೧೦-೧೯೫೮

ವೆಂಕಟರಾಮಣ್ಣ,

ನಾನು ಕಳ್ಳಿಯ ಹಾಗೆ ಬಂದದ್ದು ನಿಜ. ನೀನಿಲ್ಲದ ದಿನ ನೋಡಿಕೊಂಡೇ ಬಂದೆ. ಡಾಕ್ಟರು ಹೇಳಿದ ಮೂರು ತಿಂಗಳು ದಾಟಿತ್ತು, ಚೂರಾದರೂ ಉಳಿದೀತೆಂಬ ಆಸೆ. ಜಗುಲಿಯ ಮೇಲೆ ನಡೆದದ್ದನ್ನು ಬೀದಿಯವರಿಂದ ಕೇಳಿದ್ದೀಯ, ನನ್ನಿಂದಲೂ ಕೇಳು.

ಅಮ್ಮ ಅವರೆಕಾಯಿ ಬಿಡಿಸುತ್ತಿದ್ದಳು. ಸಿಪ್ಪೆ ಯಾವ ಮೊರಕ್ಕೆ, ಕಾಳು ಯಾವ ಮೊರಕ್ಕೆ ಎಂದು ಬೆರಳಲ್ಲಿ ತಡವಿ ಹಾಕುತ್ತಿದ್ದಳು. ಅರ್ಧಕ್ಕರ್ಧ ತಪ್ಪು. ನಿನ್ನ ಹೆಂಡತಿ ಏನೂ ಅನ್ನದೆ ಮತ್ತೆ ಆರಿಸಿಡುತ್ತಿದ್ದಳು, ಪುಣ್ಯಾತ್ಗಿತ್ತಿ.

“ಏಳಮ್ಮ, ಬಸ್ಸಿಗೆ ಹೊತ್ತಾಯ್ತು” ಅಂದೆ.

“ಮೂರು ಜನಾನೂ ಬರ್ಕೊಟ್ರಾ?”

“ಇಲ್ಲಮ್ಮ. ನಾನೇ ಕರ್ಕೊಂಡು ಹೋಗ್ತೀನಿ.”

“ಅದೆಂಗಾಯ್ತದೆ? ನೀನೇ ಓದಿ ಹೇಳಿದ್ದಲ್ವಾ, ಮೂರು ಜನ ಒಪ್ಪಿದ್ರೇನೇ ಅಂತ. ನಾನು ಹೆಬ್ಬೆಟ್ಟು ಒತ್ತಿದೀನಿ ಅದಕ್ಕೆ. ನಾನೇ ಮುರುದ್ರೆ ಅವ್ರು ನಿಲ್ತಾರಾ? ನಿಮ್ಮಪ್ಪ, ನಿಮ್ಮ ಚಿಕ್ಕಪ್ಪದೀರು ಕುಡ್ಲು ಹಿಡ್ಕೊಂಡು ಹೊಡೆದಾಡಿದ್ದು ಈ ಕಣ್ಣಲ್ಲೇ ನೋಡಿದೀನಿ. ನನ್ ಮಕ್ಳು ಅಂಗಾಗೋದು ಬ್ಯಾಡ ತಲ್ಲೀ. ಹಾಕ್ತಾರೆ, ಇವತ್ತಲ್ಲ ನಾಳೆ ಹಾಕ್ತಾರೆ. ನನ್ ಮಕ್ಳೇನು ಕೆಟ್ಟೋರಲ್ಲ.”

ನಾನು ಕೈ ಹಿಡಿದು ಎಳೆದೆ. ಅವಳು ಜಗುಲಿಯ ಕಂಬವನ್ನು ತಬ್ಬಿಕೊಂಡಳು. ಎಪ್ಪತ್ತು ದಾಟಿದವಳ ತೋಳಿನಲ್ಲಿ ಅಷ್ಟು ಬಲ ಎಲ್ಲಿಂದ ಬಂತೋ. ಬೀದಿಯವರು ನೋಡಿದ್ದು ಅದನ್ನೇ. ನನಗೆ ನಾಚಿಕೆಯಾಗಿ ಕೈ ಬಿಟ್ಟೆ. ಬಿಡಬಾರದಿತ್ತು. ಈಗ ಅನಿಸುತ್ತಿದೆ, ಹೊತ್ತುಕೊಂಡಾದರೂ ಹೋಗಬೇಕಿತ್ತು.

ಒಬ್ಬನೂ ಬೇಡ ಅಂದಿಲ್ಲ ಅನ್ನುತ್ತೀಯ. ಅದೇ ಅಣ್ಣ ನನ್ನನ್ನು ಸುಡುತ್ತಿರುವುದು. ಒಬ್ಬನೇ ಒಬ್ಬ ದುಷ್ಟ ರಾಜ ಬೇಡ ಅಂದಿದ್ದರೆ ಅವನ ಮನೆಯ ಮುಂದೆ ಕೂತು ಬಾಯಿ ಬಡಿದುಕೊಳ್ಳುತ್ತಿದ್ದೆ. ನೀವು ಮೂವರೂ ಒಳ್ಳೆಯವರು. ನಾನು ಯಾರ ಬಾಗಿಲಿಗೆ ಹೋಗಲಿ?

ನಿನ್ನ ಹಾಳೆಗಳನ್ನು ನಕಲು ಮಾಡುವುದಿಲ್ಲ. ಬೇರೆ ಯಾರನ್ನಾದರೂ ನೋಡಿಕೋ.

ಶ್ಯಾಮಲ


ಗೌರಿಬಿದನೂರು
೨೦-೧೨-೧೯೫೮

ಪ್ರೀತಿಯ ಶ್ಯಾಮಲ,

ನಿನ್ನ ಮೌನ ನನಗೆ ಅರ್ಥವಾಗುತ್ತದೆ.

ಕಾರ್ತಿಕ ಮುಗಿಯಿತು. ಹೋದ ವಾರ ಅಮ್ಮನನ್ನು ಶಿಡ್ಲಘಟ್ಟಕ್ಕೆ ಬಿಟ್ಟು ಬಂದೆ. ಹೊರಡುವ ಮುನ್ನ ನಾನು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದೆ. ಹೌದು, ತಿದ್ದುಪಡಿಗೆ ಕಾಯದೆ ಹಾಕಿದೆ. ನಿನಗೆ ಸಂತೋಷವಾಗಬಹುದು. ಪತ್ರ ಈಗ ಬಯ್ಯಪ್ಪನ ಕೈಯಲ್ಲಿದೆ, ಅವನು ಹಾಕಿ ದೊಡ್ಡಣ್ಣನಿಗೆ ಕಳಿಸಬೇಕು.

ಒಂದು ಮಾತು ಹೇಳಬೇಕು. ಬಸ್ಸಿನಲ್ಲಿ ಅಮ್ಮ ನನ್ನ ಮುಖವನ್ನು ಕೈಯಲ್ಲಿ ಸವರಿ ನೋಡಿದಳು. “ಸಣ್ಣಗಾಗಿದೀಯ ಕಣಪ್ಪ, ಬರೆಯೋದು ಜಾಸ್ತಿಯಾಯ್ತಾ?” ಅಂದಳು. ನಾಲ್ಕು ತಿಂಗಳು ನನ್ನ ಮನೆಯಲ್ಲೇ ಇದ್ದಳು. ಅವಳಿಗೆ ಅಷ್ಟು ಕಾಣಿಸದೆ ಹೋದದ್ದು ಯಾವತ್ತಿನಿಂದ ಅಂತ ನನಗೆ ಗೊತ್ತಿಲ್ಲ.

ಪುಸ್ತಕ ಮುಗಿಯುವ ಹಂತದಲ್ಲಿದೆ.

ವೆಂಕಟರಾಮಪ್ಪ


ಶಿಡ್ಲಘಟ್ಟ
೧೮-೧-೧೯೫೯

ಶ್ಯಾಮಲಕ್ಕನಿಗೆ,

ಹೇಗೆ ಬರೆಯಲಿ ಅಂತ ನಾಲ್ಕು ದಿನದಿಂದ ಕೂತಿದ್ದೇನೆ. ಸಂಕ್ರಾಂತಿಯ ದಿನ ಮಟಮಟ ಮಧ್ಯಾಹ್ನ ಅಂಗಳದಲ್ಲಿ ಎಳ್ಳು ಬೆಲ್ಲ ಕೈಗೆ ಕೊಟ್ಟರೆ ಅಮ್ಮ, “ಯಾಕ್ರೋ, ಇನ್ನೂ ದೀಪ ಹಚ್ಚಿಲ್ವಾ?” ಅಂದಳು. ನನ್ನ ಹೆಂಡತಿ ಅಲ್ಲೇ ಅಳುತ್ತ ಕೂತುಬಿಟ್ಟಳು.

ಮಾರನೆಯ ದಿನ ಚಿಂತಾಮಣಿಗೆ ಕರೆದುಕೊಂಡು ಹೋದೆ. ಡಾಕ್ಟರು ನನ್ನನ್ನು ಹೊರಗೆ ಕರೆದು, ಎರಡೂ ಹೋಗಿದೆ, ಇನ್ನು ಆಪರೇಷನ್ ಮಾಡಿಯೂ ಉಪಯೋಗವಿಲ್ಲ ಅಂದರು. ಜೂನ್ ತಿಂಗಳಲ್ಲೇ ಹೇಳಿದ್ದೆನಲ್ಲ, ಯಾಕೆ ಬರಲಿಲ್ಲ ಅಂತ ಕೇಳಿದರು. ಒಪ್ಪಿಗೆ ಪತ್ರ ನನ್ನ ಜೇಬಿನಲ್ಲೇ ಇತ್ತು, ವೆಂಕಟರಾಮಣ್ಣನ ಒಂದೇ ಸಹಿ. ನಾನು ಹಬ್ಬ ಕಳೆದು ಹಾಕೋಣ ಅಂತಿದ್ದೆ ಅಕ್ಕ.

ಅಮ್ಮನಿಗೆ ಈ ವಿಷಯ ಹೇಳಿಲ್ಲ. ಹೇಳುವ ಧೈರ್ಯ ನನಗಿಲ್ಲ. ಡಾಕ್ಟರು ಏನಂದ್ರು ಅಂತ ಕೇಳಿದಳು. “ಮೂರು ಸಹಿನೂ ಬೀಳ್ಲಮ್ಮ, ಆಮೇಲೆ ಬೆಂಗಳೂರಿಗೆ ಹೋಗಣ” ಅಂದುಬಿಟ್ಟೆ.

ಬಯ್ಯಪ್ಪ


ಗೌರಿಬಿದನೂರು
೨೨-೨-೧೯೫೯

ಶ್ಯಾಮಲ,

ನೀನು ಯಾರ ಕಾಗದಕ್ಕೂ ಉತ್ತರಿಸುತ್ತಿಲ್ಲ. ಆದರೂ ಇದನ್ನು ನಾನೇ ತಿಳಿಸಬೇಕು.

ನಿನ್ನೆ ಮೂವರೂ ಶಿಡ್ಲಘಟ್ಟದಲ್ಲಿ ಸೇರಿದ್ದೆವು. ಅಮ್ಮನಿಗೆ ಈಗ ಹೆಣ್ಣುಮಗಳ ಕೈಯೇ ಬೇಕು: ಸ್ನಾನ, ಬಟ್ಟೆ, ಹಿಂದುಗಡೆಗೆ ಕರೆದುಕೊಂಡು ಹೋಗುವುದು. ನಮ್ಮ ಮನೆಗಳ ಸೊಸೆಯಂದಿರಿಗೆ ಅವರವರ ಕೆಲಸವೇ ಹೊರಲಾರದಷ್ಟಿದೆ. ನಾಲ್ಕು ತಿಂಗಳಿಗೊಮ್ಮೆ ಹೊಸ ಮನೆಯ ಗೋಡೆ, ಹೊಸ್ತಿಲು ತಡಕುವುದೂ ಅವಳಿಗೆ ಹಿಂಸೆ. ನಿನಗೋ ಮಕ್ಕಳಿಲ್ಲ, ಭಾವನವರು ದೇವರಂಥವರು, ನೀನು ಪಾಠ ಮಾಡುವ ಶಾಲೆ ಮನೆಯ ಎದುರಿಗೇ ಇದೆ. ಆದ್ದರಿಂದ ಅಮ್ಮ ಇನ್ನು ಮುಂದೆ ನಿನ್ನ ಮನೆಯಲ್ಲೇ ಇರಬೇಕೆಂದು ತೀರ್ಮಾನಿಸಿದೆವು. ಹಳೆಯ ಕರಾರು ರದ್ದು. ಹೊಸದನ್ನು ನಾನೇ ಬರೆದೆ, ಅರ್ಧ ಗಂಟೆಯೂ ಹಿಡಿಯಲಿಲ್ಲ. ಮೊದಲ ಸಹಿ ಯಾರದೆಂದು ಈ ಸಲ ಯಾರೂ ಕೇಳಲಿಲ್ಲ. ಬಯ್ಯಪ್ಪ ಕರೆದುಕೊಂಡು ಬರುತ್ತಾನೆ.

ಪುಸ್ತಕವನ್ನು ಅಮ್ಮನಿಗೆ ಅರ್ಪಿಸಿದ್ದೇನೆ. ಬೈಯುವುದಾದರೆ ಬೈಯಿ, ಆದರೆ ಬರೆ.

ವೆಂಕಟರಾಮಪ್ಪ


ಚಿಕ್ಕಬಳ್ಳಾಪುರ
೫-೩-೧೯೫೯

ವೆಂಕಟರಾಮಣ್ಣ,

ಅಮ್ಮ ಮೊನ್ನೆ ಬಂದಳು. ಬಯ್ಯಪ್ಪ ಮನೆಯವರೆಗೂ ಬರಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಅವಳ ಕೈಯನ್ನು ನನ್ನ ಕೈಗಿಟ್ಟು, ಟ್ರಂಕು ಇಳಿಸಿ, ಕಾಗದ ಕೊಟ್ಟು ಅದೇ ಬಸ್ಸಿನಲ್ಲಿ ತಿರುಗಿ ಹೋದ. ನನ್ನ ಮುಖ ನೋಡಲಿಲ್ಲ. ನೋಡಿದ್ದರೆ ಬೈಯುತ್ತಿದ್ದೆನೋ, ತಬ್ಬಿಕೊಂಡು ಅಳುತ್ತಿದ್ದೆನೋ ಗೊತ್ತಿಲ್ಲ.

ಅಮ್ಮ ನನಗೆ ಭಾರವಲ್ಲ. ಅದನ್ನು ನೀನು ಅಷ್ಟುದ್ದ ವಿವರಿಸಿ ಬರೆಯಬೇಕಿರಲಿಲ್ಲ. ಕಳೆದ ಜೂನಿನಲ್ಲೇ ಒಂದು ಗೆರೆ ಬರೆದಿದ್ದರೆ ಸಾಕಿತ್ತು, ಶ್ಯಾಮಲ, ನೀನೇ ಕರೆದುಕೊಂಡು ಹೋಗು ಅಂತ. ಆಗ ನಾನು ಹೆಣ್ಣುಮಗಳು, ಮನೆತನದ ಮರ್ಯಾದೆಗೆ ಕುತ್ತು. ಈಗಲೂ ಹೆಣ್ಣುಮಗಳೇ.

ಕಾಗದ ಓದಿದೆ. ದೊಡ್ಡಣ್ಣನದು ಸೊಟ್ಟ ಸಹಿ, ನಿನ್ನದು ಗುಂಡಗೆ, ಬಯ್ಯಪ್ಪನದು ಆತುರದ್ದು. ಮೂರೂ ಒಂದೇ ಶಾಯಿ, ಒಂದೇ ತಾರೀಖು. ಎಂಟು ತಿಂಗಳು ಮೂರು ಊರು ಅಲೆದು ಕಾಲು ಹಿಡಿದರೂ ಸಿಗದೆ ಹೋದದ್ದು ಇಷ್ಟು ಸಲೀಸಾಗಿ ಬೀಳುತ್ತದೆಂದು ನನಗೆ ಗೊತ್ತಿರಲಿಲ್ಲ.

ಇವತ್ತು ಬೆಳಿಗ್ಗೆ ತಲೆ ಬಾಚುತ್ತಿದ್ದೆ. ಅಮ್ಮ ಕೇಳಿದಳು: “ಬಯ್ಯಪ್ಪ ಒಂದು ಕಾಗದ ಕೊಟ್ನಲ್ಲ, ಅದರಾಗೆ ಮೂರು ಜನದ್ದೂ ಸಹಿ ಐತಂತೆ, ನಿಜಾನಾ?”

“ಐತಮ್ಮ” ಅಂದೆ.

“ದೊಡ್ಡೋನೂ ಹಾಕವ್ನಾ?”

“ಹಾಕವ್ನೆ.”

“ಎಲ್ಲಿ, ತೋರ್ಸು.” ಕಾಗದವನ್ನು ಅವಳ ಕೈಗೆ ಕೊಟ್ಟು, ಬೆರಳು ಹಿಡಿದು ಒಂದೊಂದು ಸಹಿಯ ಮೇಲೂ ಇಟ್ಟೆ. ಮೂರನ್ನೂ ಎರಡೆರಡು ಸಲ ಸವರಿದಳು. ಮುಖ ಹೇಗೆ ಅರಳಿತು ಅಂತೀಯ! “ನಾನು ಹೇಳ್ಲಿಲ್ವಾ ನಿಂಗೆ? ಸುಮ್ನೆ ಅವತ್ತು ಜಗುಲಿ ಮೇಲೆ ರಂಪ ಮಾಡ್ದೆ. ಹಾಕೇ ಹಾಕ್ತಾರೆ ಅಂದಿದ್ನಲ್ಲ, ನನ್ ಮಕ್ಳು ಕೆಟ್ಟೋರಲ್ಲ ಅಂತ. ನಡಿ, ಬೆಂಗಳೂರಿಗೆ ಹೋಗಣ. ಕಣ್ ಬಂದ್ಮೇಲೆ ಮೊದ್ಲು ಮೂರು ಜನರ್ನೂ ಒಟ್ಟಿಗೆ ಕೂರ್ಸಿ ನೋಡ್ಬೇಕು.”

ಅಣ್ಣ, ನಾನು ಹೂಂ ಅಂದುಬಿಟ್ಟೆ.

ಅವಳು ಎದ್ದು, ಟ್ರಂಕು ತಡಕಿ ಒಗೆದ ಸೀರೆ ತೆಗೆದು ಉಟ್ಟುಕೊಂಡಿದ್ದಾಳೆ. ಕಾಗದ ಮಡಿಲಲ್ಲಿದೆ, ಕೊಡು ಅಂದರೆ ಕೊಡುವುದಿಲ್ಲ. ಈಗ ಬಾಗಿಲ ಹತ್ತಿರ ಕೂತು, ಬಸ್ಸು ಎಷ್ಟು ಹೊತ್ತಿಗೆ ಅಂತ ನಾಲ್ಕನೆಯ ಸಲ ಕೇಳಿದಳು. ಅವಳಿಗೆ ಏನು ಹೇಳಬೇಕೆಂದು ನೀವೇ ಬರೆದು ಕಳಿಸಿ. ಮೂವರೂ ಸಹಿ ಹಾಕಿ.

ಶ್ಯಾಮಲ